ನೀರ ಮೇಲಿನ ಗೆರೆ: ಹದಿನಾಲ್ಕು ದಿನ ತೇಲಿದ ದೋಣಿಯ ಪ್ರಕರಣ

ಕಾರವಾರದ ಬೈತಖೋಲ ಬಂದರಿನ ಜೆಟ್ಟಿಯಿಂದ ಒಂದು ಸುಲಿಯದ ತೆಂಗಿನಕಾಯಿ ಮತ್ತು ಮುಚ್ಚಳ ಬಿಗಿದ ಒಂದು ಖಾಲಿ ಬಾಟಲಿಯನ್ನು ಒಟ್ಟಿಗೆ ನೀರಿಗೆ ಬಿಟ್ಟೆವು. ಆಮೇಲೆ ಎಳೆದುಕೊಳ್ಳಲು ಎರಡಕ್ಕೂ ಉದ್ದ ದಾರ ಕಟ್ಟಿದ್ದೆವು. ಐದು ನಿಮಿಷ ಆಗುವುದರೊಳಗೆ ಎರಡೂ ಬೇರೆ ಬೇರೆ ದಾರಿ ಹಿಡಿದವು. ಕಾಯಿ ಅರ್ಧಕ್ಕಿಂತ ಜಾಸ್ತಿ ಮುಳುಗಿಕೊಂಡು ನೀರು ಸೆಳೆದ ಕಡೆ ಹೋಯಿತು. ಬಾಟಲಿ ನೀರಿನ ಮೇಲೆ ಕೂತು ಗಾಳಿ ತಳ್ಳಿದ ಕಡೆ ಓಡಿತು. ದಾರ ಹಿಡಿದ ಇಬ್ಬರು ಹುಡುಗಿಯರು ಒಂದೇ ಕಡೆ ನಿಂತಿದ್ದರು. ಒಬ್ಬಳ ಕೈ ಕೂರ್ಮಗಡದ ಕಡೆ ಚಾಚಿತ್ತು, ಇನ್ನೊಬ್ಬಳ ಕೈ ದಡದ ಕಡೆ.

ನಾನು ಹೈಸ್ಕೂಲಿನಲ್ಲಿ ಚಿತ್ರ ಕಲಿಸುವವನು. ನನಗೆ ಜೆಟ್ಟಿಯಲ್ಲಿ ಏನು ಕೆಲಸ ಅಂತ ಅಲ್ಲಿ ಬಲೆ ಹೊಲಿಯುತ್ತಿದ್ದವರೂ ಕೇಳಿದರು. ಒಂದು ದೋಣಿಯ ಪ್ರಕರಣ ನಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋಗಿತ್ತು. ಅದು ನಮ್ಮ ಅರಬ್ಬಿ ಸಮುದ್ರದ್ದಲ್ಲ, ಆಫ್ರಿಕಾ ಮತ್ತು ಯುರೋಪಿನ ನಡುವಿನ ಮೆಡಿಟರೇನಿಯನ್ ಸಮುದ್ರದ್ದು. 2011ರಲ್ಲಿ ಅಲ್ಲಿ ಒಂದೇ ದೋಣಿಯಲ್ಲಿ 63 ಜನ ಸತ್ತರು. ಯಾರೂ ಅವರ ಮೇಲೆ ಗುಂಡು ಹಾರಿಸಲಿಲ್ಲ. ದೋಣಿ ಮುಳುಗಲೂ ಇಲ್ಲ. ವಿಮಾನ ಬಂತು, ಹೆಲಿಕಾಪ್ಟರ್ ಬಂತು, ಯುದ್ಧನೌಕೆ ಬಂತು. ನೋಡಿದವು, ಹೋದವು. ನಡೆದದ್ದನ್ನು ಹೇಳಲು ಉಳಿದದ್ದು 9 ಜನ, ಮತ್ತೆ ಸಮುದ್ರ.

ನೀರ ಮೇಲೆ ಗೆರೆ ಎಳೆದ ಹಾಗೆ ಅಂತ ನಾವು ಮಾತಿಗೆ ಹೇಳುತ್ತೇವೆ, ಉಳಿಯದ ಕೆಲಸಕ್ಕೆ. ಈ ಪ್ರಕರಣದಲ್ಲಿ ಕೆಲವರು ನೀರಿನ ಮೇಲೆ ನಿಜವಾಗಿಯೂ ಗೆರೆ ಎಳೆದರು. ಅದು ಉಳಿಯಿತು. ಆ ಗೆರೆ ಹೇಗೆ ಎಳೆದರು ಅನ್ನುವುದನ್ನು ನಾನು ಮಕ್ಕಳಿಗೆ ಒಂದು ಚಳಿಗಾಲ ಪೂರ್ತಿ ಕಲಿಸಿದೆ. ಕಲಿಸುತ್ತ ನಾನೂ ಕಲಿತೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಏನು ನಡೆಯಿತು

2011ರ ಮಾರ್ಚ್ ತಿಂಗಳು. ಲಿಬಿಯಾದಲ್ಲಿ ಯುದ್ಧ. ಆ ದೇಶಕ್ಕೆ ಶಸ್ತ್ರ ಹೋಗದ ಹಾಗೆ ತಡೆಯಲು ಮಾರ್ಚ್ 23ರಿಂದ ನ್ಯಾಟೊ, ಅಂದರೆ ಅಮೆರಿಕ ಮತ್ತು ಯುರೋಪ್ ದೇಶಗಳ ಸೇನಾ ಕೂಟದ ಪಡೆಗಳು ಕಡಲಿನ ಮೇಲೆ ಕಾವಲಿಗೆ ನಿಂತಿದ್ದವು. ಹತ್ತಾರು ಯುದ್ಧನೌಕೆಗಳು, ಮೇಲೆ ವಿಮಾನಗಳು. ಆ ಹೊತ್ತಿನಲ್ಲಿ ಇಡೀ ಭೂಮಿಯ ಮೇಲೆ ಅಷ್ಟೊಂದು ಕಣ್ಣುಗಳು ನೆಟ್ಟಿದ್ದ ಇನ್ನೊಂದು ಕಡಲು ಇತ್ತೋ ಇಲ್ಲವೋ.

ಮಾರ್ಚ್ 26ರ ರಾತ್ರಿ ಕಳೆದು 27 ಹುಟ್ಟುವ ಹೊತ್ತಿಗೆ ಟ್ರಿಪೋಲಿಯಿಂದ ಒಂದು ರಬ್ಬರ್ ದೋಣಿ ಹೊರಟಿತು. ಉದ್ದ ಸುಮಾರು 10 ಮೀಟರ್. ಅದರಲ್ಲಿ 72 ಜನ. ಗಂಡಸರು 50, ಹೆಂಗಸರು 20, ಕೂಸುಗಳು 2. ಇಥಿಯೋಪಿಯಾದವರು ಜಾಸ್ತಿ. ಎರಿಟ್ರಿಯಾ, ನೈಜೀರಿಯಾ, ಘಾನಾ, ಸುಡಾನಿನವರೂ ಇದ್ದರು. ಇಟಲಿಗೆ ಸೇರಿದ ಲ್ಯಾಂಪೆಡೂಸ ದ್ವೀಪ ಮುಟ್ಟಬೇಕಿತ್ತು. ದೂರ ಸುಮಾರು 300 ಕಿಲೋಮೀಟರ್. ಒಂದು ದಿನದೊಳಗೆ ತಲುಪುತ್ತೀರಿ ಅಂತ ಹಣ ಇಸಿದುಕೊಂಡವರು ಹೇಳಿದ್ದರು. ಇನ್ನಷ್ಟು ಜನರನ್ನು ಹತ್ತಿಸಲು ಜಾಗ ಬೇಕು ಅಂತ ನೀರು, ಊಟದ ಸಾಮಾನುಗಳನ್ನು ಇಳಿಸಿಬಿಟ್ಟಿದ್ದರು.

27ರ ಮಧ್ಯಾಹ್ನ ಒಂದು ಫ್ರೆಂಚ್ ವಿಮಾನ ಮೇಲಿನಿಂದ ಆ ದೋಣಿಯ ಫೋಟೊ ತೆಗೆಯಿತು. ಅದೇ ದಿನ ದೋಣಿಯವರು ಸ್ಯಾಟಲೈಟ್ ಫೋನಿನಿಂದ ರೋಮ್‌ನಲ್ಲಿದ್ದ ಎರಿಟ್ರಿಯಾ ಮೂಲದ ಪಾದ್ರಿ ಮುಸ್ಸಿಯೆ ಜೆರಾಯಿ ಅವರಿಗೆ ಕರೆ ಮಾಡಿದರು. ಅವರು ತಕ್ಷಣ ಇಟಲಿಯ ಕೋಸ್ಟ್ ಗಾರ್ಡಿಗೆ ತಿಳಿಸಿದರು. ಫೋನಿನ ಕಂಪನಿಯಿಂದ ದೋಣಿ ಇರುವ ಜಾಗವೂ ಗೊತ್ತಾಯಿತು. ಅಪಾಯದಲ್ಲಿರುವ ದೋಣಿ ಇಲ್ಲಿದೆ ಅಂತ ಆ ಭಾಗದ ಹಡಗುಗಳಿಗೆಲ್ಲ ಸಂದೇಶ ಹೋಯಿತು. ಒಂದು ಸಲ ಅಲ್ಲ, ನಾಲ್ಕು ನಾಲ್ಕು ಗಂಟೆಗೆ ಒಂದರಂತೆ ಹತ್ತು ದಿನ.

ಒಂದು ಸೇನಾ ಹೆಲಿಕಾಪ್ಟರ್ ಬಂದು ಸುತ್ತು ಹಾಕಿ ಹೋಯಿತು. ಮತ್ತೆ ಬಂದು ನೀರಿನ ಬಾಟಲಿ, ಬಿಸ್ಕೀಟು ಇಳಿಸಿತು. ಇನ್ನೇನು ಕಾಪಾಡುವವರು ಬರುತ್ತಾರೆ ಅಂತ ದೋಣಿ ನಡೆಸುತ್ತಿದ್ದವನು ನಂಬಿದ. ಜನರನ್ನು ಕಳ್ಳಸಾಗಣೆ ಮಾಡುವವನು ಅಂತ ತನ್ನನ್ನೇ ಹಿಡಿದಾರು ಅನ್ನುವ ಹೆದರಿಕೆಗೆ ಫೋನು, ದಿಕ್ಸೂಚಿ ಎರಡನ್ನೂ ನೀರಿಗೆ ಎಸೆದ. ಯಾರೂ ಬರಲಿಲ್ಲ. ಎಣ್ಣೆ ಮುಗಿಯಿತು. ಮೀನಿನ ದೋಣಿಗಳು ಕಂಡವು, ಅವೂ ನಿಲ್ಲಲಿಲ್ಲ. ದೋಣಿ ತೇಲುತ್ತ ಹೋಯಿತು. ದಿನಕ್ಕೆ ಇಬ್ಬರು, ಮೂವರು, ನಾಲ್ವರು ಸಾಯುತ್ತ ಬಂದರು.

ಹತ್ತನೇ ದಿನದ ಹೊತ್ತಿಗೆ ಒಂದು ದೊಡ್ಡ ಯುದ್ಧನೌಕೆ ಹತ್ತಿರ ಬಂತು. ಡೆಕ್ಕಿನ ಮೇಲಿದ್ದವರ ಕೈಯಲ್ಲಿ ಬೈನಾಕ್ಯುಲರ್, ಕ್ಯಾಮೆರಾ ಇದ್ದದ್ದನ್ನು ಬದುಕಿದವರು ನೆನಪಿಟ್ಟಿದ್ದಾರೆ. ದೋಣಿಯವರು ಸತ್ತ ಕೂಸುಗಳನ್ನು ಎತ್ತಿ ತೋರಿಸಿದರು. ಎಣ್ಣೆಯ ಖಾಲಿ ಡಬ್ಬ ಎತ್ತಿ ತೋರಿಸಿದರು. ನೌಕೆ ಹೊರಟುಹೋಯಿತು.

ಏಪ್ರಿಲ್ 10ರಂದು ದೋಣಿ ಲಿಬಿಯಾದ್ದೇ ಜ್ಲಿಟೆನ್ ಎಂಬ ಊರಿನ ಕಲ್ಲುದಡಕ್ಕೆ ಬಂದು ಬಿತ್ತು. ಹೊರಟ ದೇಶಕ್ಕೇ ವಾಪಸ್. 11 ಜನರಲ್ಲಿ ಜೀವ ಇತ್ತು. ಅವರಲ್ಲಿ ಒಬ್ಬಾಕೆ ದಡದಲ್ಲೇ ತೀರಿಕೊಂಡಳು. ಉಳಿದವರನ್ನು ಜೈಲಿಗೆ ಹಾಕಿದರು. ಅಲ್ಲಿ ಚಿಕಿತ್ಸೆ ಇಲ್ಲದೆ ಇನ್ನೊಬ್ಬ ಸತ್ತ.

ಇದನ್ನು ನಾನು ತರಗತಿಯಲ್ಲಿ ಓದಿದ ದಿನ ಯಾರೂ ಪ್ರಶ್ನೆ ಕೇಳಲಿಲ್ಲ. ನಮ್ಮ ಮಕ್ಕಳಿಗೆ ಕಡಲಿನಲ್ಲಿ ಕಾಣೆಯಾಗುವುದು ಅಂದರೆ ಏನು ಅಂತ ಹೇಳಿಕೊಡಬೇಕಾಗಿಲ್ಲ. 2018ರ ಡಿಸೆಂಬರ್ 13ಕ್ಕೆ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟು ಎರಡೇ ದಿನಕ್ಕೆ ಸಂಪರ್ಕ ಕಳೆದುಕೊಂಡಿತು. ಅದರಲ್ಲಿದ್ದ 7 ಮಂದಿಯಲ್ಲಿ 5 ಜನ ನಮ್ಮ ಜಿಲ್ಲೆಯವರು. ಮಹಾರಾಷ್ಟ್ರದ ಮಾಲ್ವಣದ ಆಚೆ, ಸುಮಾರು 60 ಮೀಟರ್ ಆಳದಲ್ಲಿ ನೌಕಾಪಡೆಗೆ ಅದರ ಅವಶೇಷ ಸಿಕ್ಕಿದ್ದು ಮರುವರ್ಷ ಮೇ ತಿಂಗಳಿಗೆ. ನಡುವಿನ ನಾಲ್ಕೂವರೆ ತಿಂಗಳು ಆ ಮನೆಗಳಲ್ಲಿ ಹೇಗಿತ್ತು ಅಂತ ಈ ಕರಾವಳಿಯಲ್ಲಿ ಎಲ್ಲರಿಗೂ ಗೊತ್ತು. ಎರಡು ಪ್ರಕರಣಕ್ಕೂ ಹೋಲಿಕೆ ಇಲ್ಲ, ಹೋಲಿಸಲೂ ಬಾರದು. ಆದರೆ "ಎಲ್ಲಿ ಹೋಯಿತು, ಯಾರಾದರೂ ಕಂಡಿದ್ದಾರಾ" ಅನ್ನುವ ಎರಡು ಪ್ರಶ್ನೆ ಎಲ್ಲ ಕಡಲಿನ ದಡದಲ್ಲೂ ಒಂದೇ.

ಸೌಂದರ್ಯ ಅನ್ನುವ ಪದ ತಂದ ತೊಡಕು

ಈ ಪ್ರಕರಣವನ್ನು ಕೈಗೆತ್ತಿಕೊಂಡವರು ಚಾರ್ಲ್ಸ್ ಹೆಲ್ಲರ್ ಮತ್ತು ಲೊರೆಂಜೊ ಪೆಜ್ಜಾನಿ. ಪೊಲೀಸರೂ ಅಲ್ಲ, ವಕೀಲರೂ ಅಲ್ಲ. ಒಬ್ಬರು ಚಿತ್ರ ನಿರ್ಮಾಣದ ಕಡೆಯವರು, ಇನ್ನೊಬ್ಬರು ವಾಸ್ತುಶಿಲ್ಪದವರು. ಲಂಡನ್ನಿನ ಗೋಲ್ಡ್‌ಸ್ಮಿತ್ಸ್ ಕಾಲೇಜಿನಲ್ಲಿ 2010ರಲ್ಲಿ ವಾಸ್ತುಶಿಲ್ಪಿ ಎಯಾಲ್ ವೈಜ್‌ಮನ್ 'ಫೊರೆನ್ಸಿಕ್ ಆರ್ಕಿಟೆಕ್ಚರ್' ಅನ್ನುವ ತಂಡ ಕಟ್ಟಿದ್ದರು. ಕಟ್ಟಡದ ಬಿರುಕು, ಹೊಗೆ, ನೆರಳು, ಸದ್ದು ಇವನ್ನೆಲ್ಲ ಸಾಕ್ಷಿಯಾಗಿ ಓದುವುದು ಅವರ ಕೆಲಸ. ಅದರ ಒಳಗೇ ಇವರಿಬ್ಬರು ಕಡಲಿಗೆ ಅಂತ ಒಂದು ಶಾಖೆ ಶುರುಮಾಡಿದರು.

ಅವರ ಬರಹಗಳಲ್ಲಿ ಎಸ್ಥೆಟಿಕ್ಸ್ ಅನ್ನುವ ಪದ ಮತ್ತೆ ಮತ್ತೆ ಬರುತ್ತದೆ. ಮೊದಲ ಸಲ ಓದಿದಾಗ ನನಗೆ ಸಿಟ್ಟು ಬಂತು. ಕನ್ನಡದಲ್ಲಿ ನಾವು ಅದನ್ನು ಸೌಂದರ್ಯಶಾಸ್ತ್ರ ಅನ್ನುತ್ತೇವೆ. 63 ಹೆಣಗಳ ಎದುರು ಸೌಂದರ್ಯದ ಮಾತು ಯಾಕೆ? ಆಮೇಲೆ ತಿಳಿಯಿತು, ತೊಡಕು ಇರುವುದು ನಮ್ಮ ಅನುವಾದದಲ್ಲಿ. ಮೂಲ ಗ್ರೀಕ್ ಪದ ಐಸ್ಥೆಸಿಸ್. ಹಾಗಂದರೆ ಕಣ್ಣಿಗೆ, ಕಿವಿಗೆ, ಚರ್ಮಕ್ಕೆ ತಾಕುವುದು. ಚೆಂದ ಅನ್ನುವ ಅರ್ಥ ಆಮೇಲೆ ಅಂಟಿಕೊಂಡದ್ದು. ನಮ್ಮ 'ಸಂವೇದನೆ' ಅದಕ್ಕೆ ಹೆಚ್ಚು ಹತ್ತಿರ. ಈ ಅರ್ಥದಲ್ಲಿ ಮನುಷ್ಯನಿಗೆ ಮಾತ್ರ ಅಲ್ಲ, ಎಲ್ಲಕ್ಕೂ ಸಂವೇದನೆ ಇದೆ. ಉಪ್ಪುಗಾಳಿ ತಾಕಿದ ಕಬ್ಬಿಣ ತುಕ್ಕು ಹಿಡಿದು ಅದನ್ನು ದಾಖಲಿಸುತ್ತದೆ. ಗಾಳಿ ತಾಕಿದ ನೀರು ತೆರೆಯಾಗಿ ದಾಖಲಿಸುತ್ತದೆ. ತನಿಖೆ ಮಾಡುವವನ ಮೊದಲ ಕೆಲಸ ಯಾವ ವಸ್ತುವಿಗೆ ಏನು ತಾಕಿದೆ ಅಂತ ಓದುವುದು. ಎರಡನೇ ಕೆಲಸ, ಓದಿದ್ದನ್ನು ಇನ್ನೊಬ್ಬರಿಗೆ ಕಾಣುವ ಹಾಗೆ ಮಾಡುವುದು. ಎರಡೂ ಚಿತ್ರಗಾರನ ಕೆಲಸವೇ, ಅಲ್ವಾ?

ಕನ್ನಡದಲ್ಲಿ ನೋಡು, ಕಾಣು, ಕಾಣಿಸು ಅಂತ ಮೂರು ಮಾತಿವೆ. ಆ ಯುದ್ಧನೌಕೆಯವರು ನೋಡಿದರು. ದೋಣಿಯವರು ತಮ್ಮ ಕೂಸುಗಳನ್ನೆತ್ತಿ ಕಾಣಿಸಿದರು. ನೌಕೆಯವರಿಗೆ ಏನು ಕಂಡಿತು? ಈ ಪ್ರಕರಣದ ತಿರುಳು ನನ್ನ ಮಟ್ಟಿಗೆ ಇದೇ.

ಗೆರೆ ಎಳೆದ ಬಗೆ

ಅವರ ಕೈಯಲ್ಲಿ ಗಟ್ಟಿಯಾಗಿ ಇದ್ದದ್ದು ಎರಡು ತುದಿ. ಶುರುವಿನ ತುದಿಯಲ್ಲಿ ಫ್ರೆಂಚ್ ವಿಮಾನದ ಫೋಟೊ ಮತ್ತು ಸ್ಯಾಟಲೈಟ್ ಫೋನ್ ಕೊಟ್ಟ ಜಾಗ, ಹೊತ್ತು. ಕೊನೆಯ ತುದಿಯಲ್ಲಿ ಏಪ್ರಿಲ್ 10, ಜ್ಲಿಟೆನ್. ನಡುವಿನ ಎರಡು ವಾರ ಬರೀ ನೀರು.

ಆ ನಡುವನ್ನು ತುಂಬಲು ಅಮೆರಿಕದ ವುಡ್ಸ್ ಹೋಲ್ ಸಮುದ್ರ ವಿಜ್ಞಾನ ಸಂಸ್ಥೆಯ ರಿಚರ್ಡ್ ಲೈಮ್‌ಬರ್ನರ್ ನೆರವಾದರು. ಆ ದಿನಗಳ ಗಾಳಿ ಎಷ್ಟಿತ್ತು, ಯಾವ ಕಡೆಗಿತ್ತು, ಮೇಲ್ನೀರು ಯಾವ ಕಡೆ ಹರಿಯುತ್ತಿತ್ತು ಅನ್ನುವ ಅಳತೆಗಳು ಸಿಗುತ್ತವೆ. ಎಂಜಿನ್ ನಿಂತ ದೋಣಿ ಈ ಎರಡರ ಕೈಗೊಂಬೆ. ಎರಡನ್ನೂ ಕೂಡಿಸಿ ಒಂದೊಂದೇ ಹೆಜ್ಜೆ ಲೆಕ್ಕ ಹಾಕುತ್ತ ಹೋದರೆ ದೋಣಿ ತೇಲಿದ ದಾರಿ ಮೂಡುತ್ತದೆ. ನಮ್ಮ ತೆಂಗಿನಕಾಯಿ, ಬಾಟಲಿ ಇದೇ ಪಾಠ. ನಮ್ಮ ದೇಶದಲ್ಲೂ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯ ಬಳಿ ಇಂಥ ಲೆಕ್ಕದ ಸಾಧನ ಇದೆ, ಸರಾಟ್ ಅಂತ ಹೆಸರು. ಕಡಲಿನಲ್ಲಿ ಕಾಣೆಯಾದವರನ್ನು ಯಾವ ಕಡೆ ಹುಡುಕಬೇಕು ಅಂತ ಅಂದಾಜು ಕೊಡುತ್ತದೆ. ಅಲ್ಲಿ ಬದುಕಿಸಲು ಬಳಸುವ ಲೆಕ್ಕವನ್ನು ಇಲ್ಲಿ, ಸತ್ತ ಮೇಲೆ, ಯಾಕೆ ಬದುಕಿಸಲಿಲ್ಲ ಅಂತ ಕೇಳಲು ಬಳಸಿದರು. ಲೆಕ್ಕ ಒಂದು ಮಾತನ್ನು ಸ್ಪಷ್ಟವಾಗಿ ಹೇಳಿತು. ದೋಣಿ ತೇಲಿದ್ದು ನ್ಯಾಟೊ ಕಾವಲು ಕಾಯುತ್ತಿದ್ದ ನೀರಿನಲ್ಲೇ.

ಇನ್ನೊಂದು ಸಾಕ್ಷಿ ಆಕಾಶದಿಂದ ಬಂತು. ಯುರೋಪಿನ ಎನ್ವಿಸ್ಯಾಟ್ ಉಪಗ್ರಹ ಆ ದಿನಗಳಲ್ಲಿ ಕಡಲಿನ ಮೇಲೆ ಹಾದುಹೋಗುವಾಗ ರೇಡಾರ್ ಚಿತ್ರ ತೆಗೆದಿತ್ತು. ರೇಡಾರ್ ತಾನೇ ಅಲೆ ಕಳಿಸಿ ವಾಪಸ್ ಬಂದದ್ದನ್ನು ಹಿಡಿಯುತ್ತದೆ. ಅದಕ್ಕೆ ಹಗಲು ರಾತ್ರಿ ಒಂದೇ, ಮೋಡವೂ ಅಡ್ಡಿಲ್ಲ. ನೀರಿಗೆ ಬಿದ್ದ ಅಲೆ ಅತ್ತ ಜಾರಿಹೋಗುವುದರಿಂದ ಕಡಲು ಕಪ್ಪು. ಉಕ್ಕಿನ ಹಡಗಿಗೆ ಬಿದ್ದದ್ದು ತಿರುಗಿ ಬರುವುದರಿಂದ ಹಡಗು ಬೆಳ್ಳಗಿನ ಚುಕ್ಕಿ. ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣ ಕುಟ್ಟಿದ ಹಾಗೆ. ಆ ಚಿತ್ರದಲ್ಲಿ ಒಂದೊಂದು ಬಿಂದುವೂ ಹತ್ತಾರು ಮೀಟರ್ ಅಗಲ. ಹಾಗಾಗಿ 10 ಮೀಟರಿನ ರಬ್ಬರ್ ದೋಣಿ ಅದರಲ್ಲಿ ಕಾಣುವುದೇ ಇಲ್ಲ. ಸುತ್ತ ಇದ್ದ ದೊಡ್ಡ ಹಡಗುಗಳು ಕಾಣುತ್ತವೆ. ಸಾಯುತ್ತಿದ್ದವರು ಚಿತ್ರದಲ್ಲಿಲ್ಲ, ಉಳಿಸಬಹುದಾಗಿದ್ದವರು ಇದ್ದಾರೆ. ಇದನ್ನು ಹಲಗೆಯ ಮೇಲೆ ಬರೆದು ತೋರಿಸುವಾಗ ನನ್ನ ಕೈ ನಿಂತಿತು.

ಬದುಕಿದವರ ಮಾತೂ ಇತ್ತು. ನೆನಪು ಅಂದರೆ ಕ್ಯಾಸೆಟ್ ಅಲ್ಲ, ಒತ್ತಿದ ಕೂಡಲೆ ಹಾಡಲು. ಬಾಯಾರಿಕೆಯಲ್ಲಿ, ಬಿಸಿಲಿನಲ್ಲಿ, ಪಕ್ಕದವರು ಸಾಯುತ್ತಿರುವಾಗ ದಿನಗಳ ಲೆಕ್ಕ ತಪ್ಪುತ್ತದೆ. ಅದಕ್ಕೆ ಅವರಿಗೆ ಬೇರೆ ಬೇರೆ ಹೆಲಿಕಾಪ್ಟರ್, ಹಡಗುಗಳ ಚಿತ್ರ ತೋರಿಸಿದರು. ಆಕಾರ ಹೇಗಿತ್ತು, ಬಣ್ಣ ಯಾವುದು, ಎಷ್ಟು ಹತ್ತಿರ ಬಂತು ಅಂತ ಕೇಳುತ್ತ ಹೋದರು. ಚಿತ್ರ ಕಂಡಾಗ ಮಾತು ಬಂತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತದೆ ನಮ್ಮ ಗಾದೆ. ಬದುಕಿದವರ ಮಾತು ಒಂದು ಕಡೆ, ಗಾಳಿ ನೀರಿನ ಲೆಕ್ಕ ಒಂದು ಕಡೆ, ರೇಡಾರಿನ ಚುಕ್ಕಿ ಇನ್ನೊಂದು ಕಡೆ ಇಟ್ಟು ಒಂದಕ್ಕೊಂದು ತಾಳೆ ನೋಡಿದರು. ಯಾವುದನ್ನೂ ಒಂಟಿಯಾಗಿ ನಂಬಲಿಲ್ಲ.

ಈ ಎಲ್ಲವನ್ನೂ ನ್ಯೂಯಾರ್ಕಿನ ಸಿಟು ರಿಸರ್ಚ್ ತಂಡದ ಜೊತೆ ಸೇರಿ ನಕ್ಷೆಗಳಾಗಿ ಬರೆದರು. ವರದಿ ಹೊರಬಂದದ್ದು 2012ರ ಏಪ್ರಿಲ್‌ನಲ್ಲಿ. ಆ ತಿಂಗಳು 8ನೇ ತಾರೀಕಿಗೇ ಎನ್ವಿಸ್ಯಾಟ್ ಉಪಗ್ರಹ ಮಾತು ನಿಲ್ಲಿಸಿತ್ತು. ಅದು ತೆಗೆದಿಟ್ಟ ಚಿತ್ರಗಳು ಉಳಿದವು.

ಅಂಗಳದಲ್ಲಿ ಒಂದು ದೋಣಿ

ವರದಿಯ ನಕ್ಷೆ ನೋಡಿದ ಮಕ್ಕಳಿಗೆ ಗೆರೆ ಅರ್ಥವಾಯಿತು, ದೋಣಿ ಅರ್ಥವಾಗಲಿಲ್ಲ. "10 ಮೀಟರ್ ಅಂದ್ರೆ ದೊಡ್ಡದೇ ಅಲ್ವಾ ಸರ್?" ಅಂದ ಒಬ್ಬ. ನಾವು ಅಂಗಳಕ್ಕೆ ಹೋದೆವು. ಟೇಪು ಹಿಡಿದು 10 ಮೀಟರ್ ಉದ್ದ ಸುಣ್ಣದ ಗೆರೆ ಹಾಕಿದೆವು. ಅಗಲ ಅಂದಾಜಿಗೆ 3 ಮೀಟರ್. ಎರಡು ತರಗತಿ ಸೇರಿಸಿ 72 ಮಕ್ಕಳನ್ನು ಎಣಿಸಿ ಒಳಗೆ ಕೂರಿಸಿದೆವು.

ಮಾಡುವ ಮೊದಲು ನಾನು ಎರಡು ರಾತ್ರಿ ಯೋಚಿಸಿದ್ದೆ. ಇನ್ನೊಬ್ಬರ ಸಾವನ್ನು ಆಟ ಮಾಡಿದಂತೆ ಆಗಬಾರದು. ಯಾರೂ ನಟಿಸಬಾರದು, ಅಳಬಾರದು, ಬೀಳಬಾರದು. ಸುಮ್ನೆ ಇಪ್ಪತ್ತು ನಿಮಿಷ ಕೂರಬೇಕು. ಬೇಡ ಅನ್ನಿಸಿದವರು ಗೆರೆ ದಾಟಿ ಹೊರಗೆ ಬರಬಹುದು. ಇಷ್ಟೇ ನಿಯಮ.

ಮೊದಲು ಕೂರಲಿಕ್ಕೇ ಆಗಲಿಲ್ಲ. ಕಾಲು ಚಾಚಿದರೆ ಮುಂದಿನವರ ಬೆನ್ನು. ಎಲ್ಲರೂ ಮೊಣಕಾಲು ಎದೆಗೆ ತಂದು, ಒಬ್ಬರ ಕಾಲ ನಡುವೆ ಇನ್ನೊಬ್ಬರು ಸೇರಿಕೊಂಡಾಗ ಹೇಗೋ ಹಿಡಿಸಿತು. ಅಂಚಿನಲ್ಲಿದ್ದವರ ಮೈ ಅರ್ಧ ಗೆರೆಯ ಆಚೆ. ಏಳು ನಿಮಿಷಕ್ಕೆ ಮೊದಲ ಹುಡುಗ ಕಾಲು ಜೋಮು ಹಿಡಿಯಿತು ಅಂತ ಎದ್ದ. ಅವನು ಹೊರಗೆ ಬರಬೇಕಾದರೆ ಹನ್ನೊಂದು ಮಕ್ಕಳು ಸರಿಯಬೇಕಾಯಿತು. ನಾನು ಎಣಿಸಿದೆ. ಹದಿನೈದನೇ ನಿಮಿಷಕ್ಕೆ ಒಬ್ಬಳು ಕೇಳಿದಳು, "ಸರ್, ಕೂಸನ್ನು ಎಲ್ಲಿ ಇಟ್ಕೊಂಡಿದ್ರು?" ನನ್ನ ಬಳಿ ಉತ್ತರ ಇರಲಿಲ್ಲ. ಪಕ್ಕದಲ್ಲಿದ್ದವಳು ತನ್ನ ಮಡಿಚಿದ ಮೊಣಕಾಲು ಮತ್ತು ಹೊಟ್ಟೆಯ ನಡುವಿನ ಜಾಗ ತೋರಿಸಿದಳು. ಒಂದು ಗೇಣು ಇತ್ತೋ ಇಲ್ಲವೋ.

ನಕ್ಷೆಯಲ್ಲಿ ಅಂಕಿಯಾಗಿದ್ದ 72 ಆ ಮಕ್ಕಳ ಮೊಣಕಾಲಿಗೆ ಗೊತ್ತಾಯಿತು. ಸಂವೇದನೆ ಅಂತ ನಾನು ಹೇಳುತ್ತಿರುವುದು ಇದನ್ನೇ. ಫೊರೆನ್ಸಿಕ್ ಆರ್ಕಿಟೆಕ್ಚರ್ ತಂಡದವರೂ ಮುಂದೆ ಹೀಗೇ ಮಾಡಿದ್ದಾರೆ. ಜರ್ಮನಿಯ ಕಾಸೆಲ್ ಊರಿನ ಇಂಟರ್ನೆಟ್ ಕೆಫೆಯೊಂದರಲ್ಲಿ 2006ರಲ್ಲಿ ನಡೆದ ಕೊಲೆಯ ವಿಷಯದಲ್ಲಿ, ಆ 77 ಚದರ ಮೀಟರ್ ಕೆಫೆಯನ್ನು ನಿಜ ಅಳತೆಯಲ್ಲೇ ಮತ್ತೆ ಕಟ್ಟಿ, ಒಳಗಿದ್ದ ಗುಪ್ತಚರ ಅಧಿಕಾರಿಗೆ ಗುಂಡಿನ ಸದ್ದು ಕೇಳಿಸಲೇಬೇಕಿತ್ತು ಅನ್ನುವುದನ್ನು ಪರೀಕ್ಷಿಸಿದರು.

ತಾಂಡೇಲರ ಆಕ್ಷೇಪ

ಬೈತಖೋಲದಿಂದ ಒಬ್ಬರು ಹಿರಿಯ ತಾಂಡೇಲರನ್ನು ಶಾಲೆಗೆ ಕರೆಸಿದ್ದೆ. ತಾಂಡೇಲ ಅಂದರೆ ಬೋಟು ನಡೆಸುವವರು. ನಲವತ್ತು ವರ್ಷ ಕಡಲಿಗೆ ಹೋದವರು, ಈಗ ಮೊಣಕಾಲು ನೋವು ಅಂತ ಬಿಟ್ಟಿದ್ದಾರೆ. ನಕ್ಷೆಯನ್ನು ಅವರ ಎದುರು ಹಾಸಿದೆವು. ಕನ್ನಡಕ ಹಾಕಿ ಬಹಳ ಹೊತ್ತು ನೋಡಿದರು.

"ಮಾಸ್ತರ್ರೇ, ಗೆರೆ ಇಷ್ಟು ಸಪೂರ ಹೇಗೆ?" ಅಂದರು. "ಕಡಲಲ್ಲಿ ಗೆರೆ ಇಲ್ಲ. ಗಾಳಿ ಒಂದು ತಾಸಿಗೆ ತಿರುಗ್ತದೆ. ಇಲ್ಲಿಂದ ಇಲ್ಲಿಗೆ ಅಂತ ಹೇಳ್ಬಹುದು, ಇಲ್ಲೇ ಅಂತ ಹೇಳ್ಲಿಕ್ಕೆ ಆಗೂದಿಲ್ಲ."

ಅದು ಮಕ್ಕಳು ಬರೆದ ನಕ್ಷೆ. ನೋಡಲು ಚೆಂದ ಆಗಲಿ ಅಂತ ಚೂಪು ಪೆನ್ಸಿಲ್ಲಿನಲ್ಲಿ ಬಳುಕುವ ಗೆರೆ ಎಳೆದಿದ್ದರು. ನಾನೂ ಮೆಚ್ಚಿದ್ದೆ. ತಾಂಡೇಲರು ಹೇಳಿದ ಮೇಲೆ ತಪ್ಪು ಕಂಡಿತು. ಚೆಂದದ ಗೆರೆ ತನಗೆ ಗೊತ್ತಿರುವುದಕ್ಕಿಂತ ಜಾಸ್ತಿ ಹೇಳುತ್ತದೆ. ತನಿಖೆಯ ಚಿತ್ರಕ್ಕೆ ಇದಕ್ಕಿಂತ ದೊಡ್ಡ ಅಪಾಯ ಇಲ್ಲ. ಎದುರಿನ ವಕೀಲ ಮೊದಲು ಕೈ ಹಾಕುವುದು ಅಲ್ಲಿಗೇ. ಮಕ್ಕಳು ಪೆನ್ಸಿಲ್ ಬಿಟ್ಟು ಇದ್ದಿಲು ತೆಗೆದುಕೊಂಡರು. ಗೊತ್ತಿರುವ ಕಡೆ ಗಟ್ಟಿ ಒತ್ತಿ, ಗೊತ್ತಿಲ್ಲದ ಕಡೆ ಬೆರಳಿನಿಂದ ಉಜ್ಜಿ ಅಗಲ ಮಾಡಿದರು. ಎರಡು ತುದಿಯಲ್ಲಿ ಕಪ್ಪು, ನಡುವೆ ಬೂದು ಹೊಗೆಯಂಥ ಪಟ್ಟೆ. ನನ್ನ ಪ್ರಕಾರ ಅದು ಮೊದಲಿನದಕ್ಕಿಂತ ಒಳ್ಳೆಯ ಚಿತ್ರ.

ತಾಂಡೇಲರು ಇನ್ನೊಂದು ಮಾತು ಹೇಳಿದರು. ಬೆರಳನ್ನು ಪಟ್ಟೆಯ ಮೇಲೆ ಸರಿಸುತ್ತ ಕೊನೆಯ ದಿನಗಳ ಹತ್ತಿರ ಬಂದು, "ಇಲ್ಲಿ ಬರೂದ್ರೊಳಗೆ ದೋಣಿ ಹಗುರ ಆಗಿರ್ತದೆ. ಹಗುರ ಆದ್ರೆ ಗಾಳಿಗೆ ಜಾಸ್ತಿ ಸಿಗ್ತದೆ" ಅಂದರು.

ಯಾಕೆ ಹಗುರ ಆಗುತ್ತದೆ ಅಂತ ಒಬ್ಬ ಹುಡುಗ ಕೇಳಲು ಬಾಯಿ ತೆರೆದ. ಅಷ್ಟರಲ್ಲಿ ಅವನಿಗೇ ಹೊಳೆಯಿತು. ಬಾಯಿ ಮುಚ್ಚಿಕೊಂಡ. ತಾಂಡೇಲರು ಅವನ ತಲೆಯ ಮೇಲೆ ಕೈ ಇಟ್ಟು, "ಹೌದು ಮಗಾ" ಅಂದರು.

ಮೀನಿನ ದೋಣಿಗಳು ನಿಲ್ಲದೆ ಹೋದವು ಅನ್ನುವುದನ್ನು ಅವರು ಕೊನೆಯವರೆಗೂ ಒಪ್ಪಿಕೊಳ್ಳಲಿಲ್ಲ. ಕಡಲಲ್ಲಿ ಕೈ ಬೀಸಿದವನನ್ನು ಬಿಟ್ಟು ಬಂದರೆ ಮನೆಯಲ್ಲಿ ಊಟ ಸೇರುವುದಿಲ್ಲ ಅಂದರು. ಕಾನೂನೂ ಅದನ್ನೇ ಹೇಳುತ್ತದೆ. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನಿನ 98ನೇ ವಿಧಿಯ ಪ್ರಕಾರ ಅಪಾಯದಲ್ಲಿದ್ದವರನ್ನು ಉಳಿಸುವುದು ಹಡಗಿನ ಮುಖ್ಯಸ್ಥನ ಕರ್ತವ್ಯ. ಇಟಲಿಯಂಥ ಕೆಲವು ಕಡೆ ವಲಸಿಗರನ್ನು ದಡಕ್ಕೆ ತಂದ ಮೀನುಗಾರರ ಮೇಲೇ ಕೇಸು ಬಿದ್ದ ಉದಾಹರಣೆಗಳಿವೆ ಅಂತ ನಾನು ಹೇಳಿದೆ. "ಹಂಗಾರೆ ತಪ್ಪು ಎಲ್ಲಿಂದ ಶುರು ಆಯ್ತು ನೋಡಿ" ಅಂದರು.

ಏನನ್ನು ತೋರಿಸಲಿಲ್ಲ

2014ರಲ್ಲಿ ಹೆಲ್ಲರ್, ಪೆಜ್ಜಾನಿ ಇದೇ ಪ್ರಕರಣವನ್ನು ಒಂದು ಸಣ್ಣ ಅನಿಮೇಷನ್ ವಿಡಿಯೊ ಮಾಡಿದರು. ಹೆಣ ಇರುತ್ತದೆ, ಅಳುವವರು ಇರುತ್ತಾರೆ ಅಂತ ಮಕ್ಕಳು ಅಂದುಕೊಂಡಿದ್ದರು. ಇರುವುದು ಕಡಲಿನ ನಕ್ಷೆ, ಸರಿಯುವ ಗುರುತುಗಳು, ಒಂದು ದನಿ. ಯಕ್ಷಗಾನ ನೋಡಿ ಬೆಳೆದ ನಮಗೆ ಖಾಲಿ ರಂಗ ಹೊಸದಲ್ಲ. ಖಾಲಿ ರಂಗದ ಮೇಲೆ ಹೆಜ್ಜೆ, ಮದ್ದಳೆಯಿಂದಲೇ ಕಾಡೂ ಬರುತ್ತದೆ, ಕಡಲೂ ಬರುತ್ತದೆ. ಆದರೆ ಅಲ್ಲಿ ಯಾರೂ ಅಳತೆ ಕೇಳುವುದಿಲ್ಲ. ಇಲ್ಲಿ ಒಂದೊಂದು ಚುಕ್ಕಿಯ ಹಿಂದೂ ಅಳತೆ ಇದೆ.

ಸತ್ತವರ ಮುಖ ತೋರಿಸಿ ಕಣ್ಣೀರು ತರಿಸುವುದು ಸುಲಭ. ಟಿವಿಯಲ್ಲಿ ದಿನಾ ನೋಡುತ್ತೇವೆ. ಅಲ್ಲಿ ಕ್ಯಾಮೆರಾ ಯಾವಾಗಲೂ ಬಡವನ ಮುಖದ ಮೇಲೆ. ಇವರು ಅದನ್ನು ತಿರುಗಿಸಿದರು. ವಲಸಿಗರನ್ನು ಹುಡುಕಲು, ತಡೆಯಲು ಇಟ್ಟ ಕಣ್ಣುಗಳ ದಾಖಲೆಯನ್ನೇ ತೆಗೆದು, ಕಾವಲು ಕಾಯುವವರ ಕಡೆ ಹಿಡಿದರು. ತಮ್ಮ ನಕ್ಷೆಯಿಂದ ವಲಸಿಗರ ದಾರಿ ಬಯಲಾಗಿ ಅವರಿಗೇ ತೊಂದರೆ ಆಗಬಾರದು ಅನ್ನುವ ಎಚ್ಚರವೂ ಅವರಿಗಿತ್ತು. ನಮ್ಮ ಊರಿನ ಪಕ್ಕದಲ್ಲೇ ನೌಕಾನೆಲೆ ಇದೆ. ಕಡಲಿನ ಯಾವ ಭಾಗದಲ್ಲಿ ಹೋಗಬಾರದು, ಎಲ್ಲಿ ಫೋಟೊ ತೆಗೆಯಬಾರದು ಅಂತ ನಮ್ಮ ಮಕ್ಕಳಿಗೆ ಚಿಕ್ಕಂದಿನಿಂದ ಗೊತ್ತು. ದೇಶದ ರಕ್ಷಣೆಗೆ ಅದು ಬೇಕು. ಆದರೆ ನೋಡುವ ಅಧಿಕಾರ ಯಾರಿಗಿದೆಯೋ, ನೋಡಿದ್ದಕ್ಕೆ ಉತ್ತರ ಹೇಳುವ ಹೊಣೆಯೂ ಅವರದೇ. ಈ ಪ್ರಕರಣ ಓದಿದ ಮೇಲೆ ಇದನ್ನು ನಾನು ಯಾರ ಎದುರೂ ಹೇಳಬಲ್ಲೆ.

ಎಲ್ಲಿಗೆ ಬಂತು

ಯುರೋಪ್ ಕೌನ್ಸಿಲ್ಲಿನ ಸಂಸದೀಯ ಸಭೆಗಾಗಿ ನೆದರ್ಲೆಂಡ್ಸಿನ ಸಂಸದೆ ಟಿನೆಕೆ ಸ್ಟ್ರಿಕ್ ನಡೆಸಿದ ವಿಚಾರಣೆಯ ವರದಿಯೂ 2012ರಲ್ಲೇ ಬಂತು. ಲಿಬಿಯಾದಿಂದ ಹಿಡಿದು ರಕ್ಷಣಾ ಕೇಂದ್ರಗಳು, ನ್ಯಾಟೊ, ಅದರ ಸದಸ್ಯ ದೇಶಗಳವರೆಗೆ ಹಂತ ಹಂತದಲ್ಲೂ ಹೊಣೆ ತಪ್ಪಿದ್ದನ್ನು ಅದು ಬರೆದಿಟ್ಟಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಹಲವು ಸಂಘಟನೆಗಳು ಸೇರಿ ಪ್ಯಾರಿಸ್ಸಿನಲ್ಲಿ ದೂರು ಕೊಟ್ಟವು. ಮುಂದೆ ಬೇರೆ ದೇಶಗಳಲ್ಲೂ ದೂರು ಹೋದವು. ನಕ್ಷೆಗಳು ಅದರ ಜೊತೆಗಿದ್ದವು. ಆದರೆ ಆ ಹತ್ತನೇ ದಿನದ ನೌಕೆ ನಮ್ಮದು ಅಂತ ಯಾವ ದೇಶವೂ ಒಪ್ಪಿಕೊಳ್ಳಲಿಲ್ಲ. ರೇಡಾರ್ ಚುಕ್ಕಿಗೆ ಧ್ವಜ ಇರುವುದಿಲ್ಲ. ಅದನ್ನು ಹೇಳಬೇಕಾದವರು ಹೇಳಲಿಲ್ಲ.

ಇದೇ ಬಗೆಯ ಕೆಲಸದಿಂದ ಬೆಳೆದದ್ದು 2014ರ ಅಕ್ಟೋಬರಿನಲ್ಲಿ ಶುರುವಾದ 'ಅಲಾರ್ಮ್ ಫೋನ್'. ಕಡಲಿನಲ್ಲಿ ಸಿಕ್ಕಿಬಿದ್ದವರು ಕರೆ ಮಾಡಿದರೆ ಸ್ವಯಂಸೇವಕರು ಎತ್ತುತ್ತಾರೆ, ಜಾಗ ಬರೆದುಕೊಳ್ಳುತ್ತಾರೆ, ಕೋಸ್ಟ್ ಗಾರ್ಡ್ ಹೊರಡುವವರೆಗೆ ಬೆನ್ನು ಬಿಡುವುದಿಲ್ಲ. ಸತ್ತ ಮೇಲೆ ಬರೆದ ಗೆರೆಯನ್ನು ಇವರು ಬದುಕಿರುವಾಗಲೇ ಬರೆಯುತ್ತಾರೆ. ಇದನ್ನು ಕೇಳಿದಾಗ ನಮ್ಮ ತಾಂಡೇಲರು, ನಮ್ಮ ಕೋಸ್ಟ್ ಗಾರ್ಡಿನ ನಂಬರ್ ಎಷ್ಟು ಅಂತ ಮಕ್ಕಳನ್ನು ಕೇಳಿದರು. ಮೂವರಿಗೆ ಮಾತ್ರ ಗೊತ್ತಿತ್ತು. 1554. ಅವತ್ತೇ ಎಲ್ಲರಿಂದ ಬರೆಸಿದರು.

ಮಕ್ಕಳ ಇದ್ದಿಲಿನ ನಕ್ಷೆಯ ಕೆಳಗೆ ಒಂದು ಕೋಷ್ಟಕ ಇದೆ. ದಿನ, ಗಾಳಿ, ಯಾರು ಕಂಡರು, ಏನು ಮಾಡಿದರು, ಹೆಸರು. ಫ್ರೆಂಚ್ ವಿಮಾನದ ಸಾಲು ತುಂಬಿದೆ. ಹತ್ತನೇ ದಿನದ ಸಾಲಿನಲ್ಲಿ ಹೆಸರಿನ ಚೌಕ ಖಾಲಿ. ಪ್ರಶ್ನೆ ಚಿಹ್ನೆ ಹಾಕೋಣ ಅಂದ ಒಬ್ಬ. ಗೊತ್ತಿಲ್ಲ ಅಂತ ಬರೆಯೋಣ ಅಂದ ಇನ್ನೊಬ್ಬ. ಜೆಟ್ಟಿಯಲ್ಲಿ ಬಾಟಲಿಯ ದಾರ ಹಿಡಿದಿದ್ದ ಹುಡುಗಿ ಎರಡಕ್ಕೂ ಬೇಡ ಅಂದಳು. "ನಮಗೆ ಗೊತ್ತಿಲ್ಲ ಸರ್, ಆದ್ರೆ ಆ ಹಡಗಿನವರಿಗೆ ಗೊತ್ತುಂಟಲ್ಲ. ಅವರು ಬರೀಲಿ" ಅಂದಳು. ಚೌಕದ ಸುತ್ತ ಇನ್ನೊಂದು ಸಲ ದಪ್ಪಗೆ ಗೆರೆ ಎಳೆದು, ಒಳಗೆ ಬಿಳಿ ಬಿಟ್ಟಳು.